ಕೈಗಡ ತಂದ ಮಂದಿ

ರವಿವಾರ ಬೆಳಿಗ್ಗೆ ಏಳರ ಸುಮಾರಿಗೆ ಮಾಳಿಂಗರಾಯ ತನ್ನ ಲಿಂಬಿ ತೋಟದಲ್ಲಿ ಉದುರಿದ ಕಾಯಿ ಆರಿಸುತ್ತ ಕೂತಿದ್ದಾಗ ಆ ಫೋನು ಬಂತು. ಮಾತಾಡಿದ್ದು ಒಂದು ನಿಮಿಷ. ಅಷ್ಟಕ್ಕೇ ಅವನ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಎದ್ದಿತು.

"ನಾ ಕೊಲ್ಹಾರದ ಕಡಿಂದ ಚಂದಪ್ಪ ಮಾತಾಡಾಕತ್ತೇನ್ರಿ. ಇವತ್ತ ಮಧ್ಯಾಹ್ನ ಒಂದಕ್ಕ ನಿಮ್ಮ ಮನಿ ನೋಡಾಕ ಬರ್ತೇವಿ. ಅಂದಂಗ, ನಿಮ್ಮೂರಾಗ ಮಂದಿ ಭಾಳ ಕಡಿಮಿ ಅಂತಲ್ರಿ, ಖರೇ ಏನು?"

"ಯಾಂವ್ರೀ ಹಂಗ ಅಂದಾಂವ?" ಮಾಳಿಂಗರಾಯ ಎದ್ದೇ ನಿಂತ. ಮಡಿಲಲ್ಲಿದ್ದ ಲಿಂಬಿಕಾಯಿ ಎಲ್ಲಾ ಉರುಳಿದವು. "ಆಂವನ್ನೂ ಕರ್ಕೊಂಡ ಬರ್ರಿ. ಮಂದಿ ಅದಾರೋ ಇಲ್ಲೋ ನೀವ ಕಣ್ಣಾರೆ ನೋಡ್ರಿ!"

"ಸಿಟ್ಟಾಗಬ್ಯಾಡ್ರಿ, ಸುಮ್ನ ಕೇಳಿದ್ನಿ," ಎಂದು ಆ ಮನುಷ್ಯ ಫೋನು ಇಟ್ಟ.

ಸಿಟ್ಟಾಗಬ್ಯಾಡ್ರಿ ಅಂದರೆ ಹೇಗೆ? ಮಾಳಿಂಗರಾಯನಿಗೆ ಮೂವತ್ತೇಳು ನಡೆಯುತ್ತಿತ್ತು. ನಾಲ್ಕು ಎಕರೆ ಲಿಂಬಿ, ಬತ್ತದ ಬೋರು, ಎರಡು ಎಮ್ಮೆ, ಕುಡಿತ ಇಲ್ಲ, ಇಸ್ಪೀಟು ಇಲ್ಲ. ಆದರೂ ಒಂಬತ್ತು ಕಡೆಯ ಹೆಣ್ಣಿನವರು ಬಂದು, ಚಹಾ ಕುಡಿದು, ಚೂಡಾ ತಿಂದು, "ಹುಡುಗ ಛಲೋ ಅದಾನ, ಊರಾಗ ಮಂದೀನ ಇಲ್ಲ" ಎಂದು ಎದ್ದು ಹೋಗಿದ್ದರು. ಒಂಬತ್ತನೆಯವರಲ್ಲಿ ಹುಡುಗಿಯ ಸೋದರಮಾವನೊಬ್ಬ ಅಂಗಳದಲ್ಲಿ ನಿಂತು ಅತ್ತಿತ್ತ ನೋಡಿ, "ಹಾಳೂರಿಗೆ ಉಳಿದಾವನ ಗೌಡ ಅಂತಾರಲ್ಲ, ಗೌಡನ್ನ ನೋಡಿದಂಗಾತು" ಎಂದು ಹಲ್ಲು ಕಿಸಿದಿದ್ದ. ಆ ಮಾತು ಮಾಳಿಂಗರಾಯನ ಎದೆಯಲ್ಲಿ ಜಾಲಿಮುಳ್ಳಾಗಿ ಉಳಿದಿತ್ತು. ಹೆಣ್ಣು ಕೊಡದಿದ್ದರೆ ಬಿಡಲಿ, ಊರು ಖಾಲಿಯಾದದ್ದು ಅವನ ತಪ್ಪೇ?

ತಪ್ಪು ಯಾರದು ಅಂತ ಯಾರೂ ಕೇಳಲೇ ಇಲ್ಲ ನೋಡ್ರಿ. ಹೊರ್ತಿಯಿಂದ ಒಳಗೆ ಹೋಗುವ ಡಾಂಬರು ಮುಗಿದ ಮೇಲೆ ಎರಡು ಮೈಲು ಹೋದರೆ ಬೇವಿನಾಳ. ಊರ ಬಾಯಿಗಿರುವ ಬೋರ್ಡಿನ ಮೇಲೆ ಈಗಲೂ 'ಜನಸಂಖ್ಯೆ 1346' ಅಂತ ಇದೆ, ಅದು ಹಿಂದಿನ ಜನಗಣತಿಯದು. ಆಗ ದಸರೆಗೆ ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋದವರು ಯುಗಾದಿಗೆ ತಿರುಗಿ ಬರುತ್ತಿದ್ದರು. ಆಮೇಲೆ ಯುಗಾದಿಗೆ ಬಂದವರು ಬೇವು ಬೆಲ್ಲ ತಿಂದು ಮರುದಿನವೇ ಹೋಗತೊಡಗಿದರು. ಆಮೇಲೆ ಅದೂ ಇಲ್ಲ. ಮಂದಿ ಕಡಿಮಿ ಅಂತ ಬಸ್ಸು ನಿಲ್ಲಿಸಿದರು, ಬಸ್ಸಿಲ್ಲ ಅಂತ ಮತ್ತಷ್ಟು ಮಂದಿ ಹೋದರು. ಮಕ್ಕಳು ಆರೇ ಉಳಿದವು ಅಂತ ಸಾಲಿಗೆ ಕೀಲಿ ಹಾಕಿದರು, ಆರು ಮಕ್ಕಳ ತಾಯ್ತಂದೆಗಳೂ ಗಂಟು ಕಟ್ಟಿದರು. ಈಗ ಕಬ್ಬಿನ ಸುಗ್ಗಿಯಲ್ಲಿ ಊರಲ್ಲಿ ಇದ್ದವರು ಇನ್ನೂರ ಹನ್ನೆರಡು ಮಂದಿ, ಅದರಲ್ಲಿ ಮೂವತ್ತು ದಾಟಿದ ಬ್ರಹ್ಮಚಾರಿಗಳೇ ಮೂವತ್ತೊಂದು. ಇದಕ್ಕೆಲ್ಲ ಮಾಳಿಂಗರಾಯನೇ ಹೊಣೆ ಅನ್ನುವಂತೆ ಹೆಣ್ಣಿನವರು ಅವನ ಮುಖ ನೋಡುತ್ತಿದ್ದರು.

ಅವನು ಮೊದಲು ಫೋನು ಹಚ್ಚಿದ್ದು ಸೋಮನಿಂಗನಿಗೆ. ಸೋಮನಿಂಗ ಅಂದರೆ ಈ ಸಂಬಂಧ ಹುಡುಕಿದ ಮಧ್ಯಸ್ಥ.

"ಲೇ ಸೋಮನಿಂಗ, ನಮ್ಮೂರಾಗ ಮಂದಿ ಕಡಿಮಿ ಅಂತ ಬೀಗರ ಮುಂದ ಊದಿದಾಂವ ನೀನ ಹೌದಲ್ಲೋ?"

"ಹೌದು ಮಾಳಪ್ಪ, ಯಾಕಂದ್ರ ಅವರಿಗೆ..."

"ಯಾಕಂದ್ರ ಗೀಯಾಕಂದ್ರ ಬ್ಯಾಡ! ಉಂಡ ಮನಿ ಜಂತಿ ಎಣಸಾಂವ ನೀ. ಇನ್ನ ಮ್ಯಾಲೆ ನನಗ ಫೋನ ಮಾಡಿದ್ರ ನೋಡು!" ಎಂದವನೇ ಫೋನು ಕಟ್ ಮಾಡಿದ. ಸೋಮನಿಂಗ ಮತ್ತೆ ಮೂರು ಸಲ ಹಚ್ಚಿದ. ಮಾಳಿಂಗರಾಯ ಮೂರೂ ಸಲ ಕಟ್ ಮಾಡಿದ.

ಮನೆಗೆ ಬಂದರೆ ಅವ್ವ ಗುಂಡವ್ವ ಅಂಗಳ ಸಾರಿಸುತ್ತಿದ್ದಳು. ಕಟ್ಟೆಯ ಮೇಲೆ ಧರೆಪ್ಪ ಚಹಾ ಹೀರುತ್ತಿದ್ದ. ಧರೆಪ್ಪ ಬಾಜೂ ಮನೆಯವನು, ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರ್. ಯಾರ ಮನೆಯಲ್ಲಿ ಏನೇ ಇದ್ದರೂ ಅವನು ಕರೆಯದೆ ಬರುತ್ತಿದ್ದ.

ಎಲ್ಲಾ ಕೇಳಿಕೊಂಡು ಧರೆಪ್ಪ ಲೋಟ ಕೆಳಗಿಟ್ಟ. "ಇದಕ್ಕ್ಯಾಕ ಇಷ್ಟು ಕುದಿಯಾಕತ್ತೀಯೋ? ಮನ್ಯಾಗ ಸಕ್ರಿ ತೀರಿದ್ರ ಬಾಜೂ ಮನಿಂದ ಒಂದು ವಾಟಗಾ ಕೈಗಡ ತರೂದಿಲ್ಲೇನು? ಹಂಗ ಊರಾಗ ಮಂದಿ ತೀರ್ಯಾರ, ಬಾಜೂ ಊರಿಂದ ತರೂದು."

"ಮಂದೀನ ಹ್ಯಾಂಗ ಕೈಗಡ ತರ್ತಾರ ಕಾಕಾ?"

"ಹುಣಸಿವಾಡಿಯಾಗ ಎಷ್ಟು ಮಂದಿ ಅದಾರ?"

ಹುಣಸಿವಾಡಿ ಹಿಂದಿನ ದಾರಿಯಲ್ಲಿ ಅರ್ಧ ಹರದಾರಿ ದೂರದ ಸಣ್ಣ ವಾಡಿ. ಅಲ್ಲಿಯ ನೂರಾ ಹತ್ತೊಂಬತ್ತು ಮಂದಿ ಕಬ್ಬಿಗೆ ಹೋಗುವವರಲ್ಲ, ತೋಟದ ಕೆಲಸದವರು. ಇವತ್ತು ರವಿವಾರ, ಮಕ್ಕಳೂ ಮನೆಯಲ್ಲೇ.

"ಊಟಕ್ಕ ಹೇಳು," ಅಂದ ಧರೆಪ್ಪ. "ಮನಿಗೊಬ್ಬರು ಅಂತ ಹೇಳಬ್ಯಾಡ. ಒಲಿ ಹಚ್ಚಬ್ಯಾಡ್ರಿ ಅಂತ ಹೇಳು."

ಈ ಸೀಮೆಯಲ್ಲಿ ಊಟಕ್ಕೆ ಹೇಳುವುದರಲ್ಲಿ ಎರಡು ಬಗೆ. 'ಮನಿಗೊಬ್ಬರು ಬರ್ರಿ' ಅಂದರೆ ಯಜಮಾನನೊಬ್ಬ ಬಂದು ಉಂಡು ಹೋಗುತ್ತಾನೆ. 'ಇವತ್ತ ಒಲಿ ಹಚ್ಚಬ್ಯಾಡ್ರಿ' ಅಂದರೆ ಮುಗಿಯಿತು. ಹಣ್ಣು ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಬರಬೇಕು, ಯಾರಾದರೂ ಮನೆಯಲ್ಲಿ ಉಳಿದು ಒಲೆ ಹಚ್ಚಿದರೆ ಹೇಳಿದವನಿಗೆ ಅವಮಾನ. ಊರಿಗೆ ಊರೇ ಎತ್ತಿಕೊಂಡು ಬರಲು ಇದಕ್ಕಿಂತ ಬೇರೆ ಮಂತ್ರ ಬೇಕೇ?

ಮಾಳಿಂಗರಾಯ ಸೈಕಲ್ ಮೋಟರ್ ಒದ್ದು ಹುಣಸಿವಾಡಿಗೆ ಹೋದ. ಅಲ್ಲಿ ಅವನ ಗೆಳೆಯ ಕಾಂತು ಇದ್ದ. ಮೂವತ್ತನಾಲ್ಕು ವರ್ಷ, ಅವನೂ ಮದುವೆಯಾಗದವನೇ, ನಳಕ್ಕೆ ನೀರು ಬಿಡುವ ಕೆಲಸ. ಇಬ್ಬರದೂ ಒಂದೇ ಕುಲ, ಬೆಡಗು ಅಂದರೆ ಗೋತ್ರ ಮಾತ್ರ ಬೇರೆ. ಕಾಂತು ಮನೆ ಮನೆಗೆ ಹೋಗಿ ಒಲೆಗಳನ್ನು ಆರಿಸಿ ಬಂದ.

"ನಾ ಮಾತ್ರ ಬರಾಂಗಿಲ್ಲೋ," ಅಂದ ಕಾಂತು. "ನೀರು ಬಿಡೂದೈತಿ. ಮತ್ತ ಊರು ಕಾಯಾಕ ಒಬ್ಬರರ ಬೇಕಲ್ಲ."

"ಇರು ಬಿಡು. ಆದ್ರ ನಿಮ್ಮ ಮಂದೀನ ನಾ ಕೈಗಡ ಒಯ್ದ ಸುದ್ದಿ ಯಾರ ಮುಂದನೂ ಬಾಯಿ ಬಿಡಬಾರದು." ಮಾಳಿಂಗರಾಯ ಅವನನ್ನು ಗುಡಿಗೆ ಎಳೆದೊಯ್ದು ಅವನ ಬೊಗಸೆಯಲ್ಲಿ ದೇವರ ಭಂಡಾರದ ಅರಿಶಿನ ಸುರಿದ. "ಆಣಿ ಮಾಡು."

"ಭಂಡಾರದಾಣಿ, ಹೇಳಾಂಗಿಲ್ಲ."

"ನಿನ್ನ ಉಪಕಾರ ಮರಿಯಾಂಗಿಲ್ಲೋ ಕಾಂತು. ನಾಳಿ ನಿನಗೂ ಹಿಂಥಾ ಹೊತ್ತು ಬಂದ್ರ ನಾ ನಿಂತೇನಿ. ನಂದೂ ಭಂಡಾರದಾಣಿ."

ಹನ್ನೊಂದು ಗಂಟೆಗೆ ಎರಡು ಟ್ರ್ಯಾಕ್ಟರ್ ಟ್ರಾಲಿ ತುಂಬ ನೂರಾ ಹದಿನೆಂಟು ಮಂದಿ ಬಂದು ಬೇವಿನಾಳದಲ್ಲಿ ಇಳಿದರು. ಊರ ನಾಯಿಗಳು ಇಷ್ಟು ಮಂದಿಯನ್ನು ನೋಡಿ ವರ್ಷಗಳಾಗಿದ್ದವು, ಬೊಗಳುವುದನ್ನೂ ಮರೆತು ನಿಂತವು. ಗುಂಡವ್ವ ಗುಡಿಯ ದೊಡ್ಡ ಹಂಡೆ ತರಿಸಿ ಗೋದಿ ಹುಗ್ಗಿಗೆ ಇಟ್ಟಿದ್ದಳು.

"ಯಾರ ಮದಿವ್ಯೋ ಇದು?" ಎಂದು ಅವಳು ಮಗನನ್ನು ಗದರಿದಳು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲಿಯಾಕತ್ತೀಯಲ್ಲೋ!"

"ಯವ್ವಾ, ಸುಮ್ನಿರು. ಇದು ನನ್ನ ಮಾನದ ಪ್ರಶ್ನೆ."

ಧರೆಪ್ಪ ಅಷ್ಟರಲ್ಲಿ ಹಳೇ ಮೆಂಬರಿಕೆ ಮೈಮೇಲೆ ಬಂದವನ ಹಾಗೆ ಹುಕುಂ ಕೊಡತೊಡಗಿದ್ದ. ಇಪ್ಪತ್ತು ಗಂಡಸರು ಗುಡಿಯ ಕಟ್ಟೆಗೆ. ಮಕ್ಕಳು ಸಾಲಿಗೆ, ಕೀಲಿಯನ್ನು ಕಲ್ಲಿನಿಂದ ಒಡೆದದ್ದಾಯಿತು. ಮೂವತ್ತು ಹೆಂಗಸರು ಕೊಡ ಹಿಡಿದು ನಳದ ಮುಂದೆ. "ನಳದ ಮುಂದ ಗದ್ಲ ಇದ್ರನ ಊರಿಗೆ ಕಳಾ. ಒಂದೀಟು ಜಗಳನೂ ಹಚ್ಚಿಡ್ರಿ," ಎಂದು ಅವರಿಗೆ ಹೇಳಿಕೊಟ್ಟ. ಜಯಮಾಲಾ ಎಂಬ ಚುರುಕು ಹೆಂಗಸೊಬ್ಬಳಿಗೆ ಮೂರು ಕಡೆ ಕೆಲಸ ಬಿತ್ತು: ಬೀಗರು ಮುಂದೆ ಹೋದ ಹಾಗೆ ಇವಳು ಹಿಂದಿನ ಸಂದಿಯಿಂದ ಓಡಿ ಮುಂದಿನ ಬಾಗಿಲಲ್ಲಿ ನಿಲ್ಲಬೇಕು. ಇಷ್ಟಾದರೂ ಧರೆಪ್ಪನಿಗೆ ಸಮಾಧಾನವಿಲ್ಲ. ಊರ ಬೋರ್ಡಿಗೆ ಏಣಿ ಹಚ್ಚಿ 1346ರ ಮುಂದೆ ಎಣ್ಣೆ ಬಣ್ಣದಲ್ಲಿ ಒಂದು ಸೊನ್ನೆ ಎಳೆದು ಬಂದ.

ಒಂದು ಗಂಟೆಗೆ ಕ್ರೂಸರ್ ಬಂತು. ಹುಡುಗಿಯ ಅಪ್ಪ ಚಂದಪ್ಪ, ಅವನ ತಾಯಿ ರೇವವ್ವ, ಇನ್ನಿಬ್ಬರು ಹಿರಿಯರು ಇಳಿದರು. ಹುಡುಗಿ ಭಾಗ್ಯಾ ಬಂದಿರಲಿಲ್ಲ, ಮನೆ ನೋಡುವ ಶಾಸ್ತ್ರಕ್ಕೆ ಹುಡುಗಿಯನ್ನು ಕರೆತರುವ ಪದ್ಧತಿ ಇಲ್ಲ.

ಚಂದಪ್ಪ ಇಳಿದವನೇ ಬೋರ್ಡು ನೋಡುತ್ತ ನಿಂತ. "ಹದಿಮೂರು ಸಾವಿರದ... ನಾನೂರಾ ಅರವತ್ತು?"

"ಅದು ಹಳೇ ಲೆಕ್ಕರಿ," ಅಂದ ಮಾಳಿಂಗರಾಯ, ಮೀಸೆ ತೀಡುತ್ತ. "ಈಗ ಇನ್ನಾ ಏರೇತಿ."

ಚಂದಪ್ಪ ಬೆವರು ಒರೆಸಿಕೊಂಡ. ಗಾಬರಿಬಿದ್ದಾನ ನೋಡು, ಎಂದು ಮಾಳಿಂಗರಾಯ ಒಳಗೊಳಗೇ ಹಿಗ್ಗಿದ.

ಸಾಲಿಯಿಂದ ಮಗ್ಗಿ ಹೇಳುವ ಸದ್ದು ಕೇಳುತ್ತಿತ್ತು. ರೇವವ್ವ ಕಿವಿಗೊಟ್ಟಳು. "ತಮ್ಮಾ, ಇವತ್ತ ರವಿವಾರ ಅಲ್ಲೇನು?"

ಮಾಳಿಂಗರಾಯನಿಗೆ ಇದು ಹೊಳೆದೇ ಇರಲಿಲ್ಲ. ಆದರೆ ಸಿಟ್ಟಿನಲ್ಲಿದ್ದವನಿಗೆ ಸುಳ್ಳು ತಡೆಯುವುದಿಲ್ಲ. "ಹೌದ ಆಯಿ. ಮಕ್ಕಳು ಭಾಳ ಆಗ್ಯಾವು, ಸಾಲ್ಯಾಗ ಹಿಡಿಯಾಂಗಿಲ್ಲ. ಅದಕ್ಕ ಪಾಳಿ ಹಚ್ಯಾರ. ಇವು ರವಿವಾರದ ಪಾಳಿ ಮಕ್ಕಳು."

ರೇವವ್ವ ಮಗನ ಮುಖ ನೋಡಿದಳು. ಮಗ ತಾಯಿಯ ಮುಖ ನೋಡಿದ. ನಾಲ್ಕು ಹೆಜ್ಜೆ ಹೋದರೆ ಒಂದು ಬಾಗಿಲಲ್ಲಿ ಜಯಮಾಲಾ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಓಣಿ ತಿರುಗಿದರೆ ಇನ್ನೊಂದು ಬಾಗಿಲಲ್ಲಿಯೂ ಅವಳೇ, ಈ ಸಲ ಏದುಸಿರು ಬಿಡುತ್ತಿದ್ದಳು.

"ಈ ಹೆಣ್ಮಗಳ್ನ ಈಗ ಅಲ್ಲೆ ನೋಡಿದ್ನೆಲ್ಲ?" ಅಂದಳು ರೇವವ್ವ.

"ಅವರು ಅಕ್ಕ ತಂಗೇರು, ಜವಳಿ ಆಯಿ," ಅಂದ ಧರೆಪ್ಪ ನಡುವೆ ಬಾಯಿ ಹಾಕಿ. ಮೂರನೆಯ ಬಾಗಿಲು ಬಂದಾಗ ಅವನೇ ಮುಂದಾಗಿ, "ತ್ರಿವಳಿ!" ಅಂದ.

ನಳದ ಹತ್ತಿರ ಹೋಗುವಷ್ಟರಲ್ಲಿ ಹಚ್ಚಿಟ್ಟ ಜಗಳ ಹೊತ್ತಿಕೊಂಡೇ ಬಿಟ್ಟಿತ್ತು. ಬೇವಿನಾಳದ ಖರೇ ಮಂದಿಯಲ್ಲಿ ಒಬ್ಬಳಾದ ರಹಿಮಾಬಿಗೆ ವಾರಕ್ಕೆ ಎರಡೇ ದಿನ ಬರುವ ನೀರಿದು. ಕೈಗಡ ಬಂದ ಹೆಂಗಸರು ನಾಟಕ ಮಾಡುವುದು ಬಿಟ್ಟು ನಿಜವಾಗಿಯೂ ಕೊಡ ತುಂಬಿಕೊಳ್ಳುತ್ತಿದ್ದಾರೆ! ಯಾರಿಗೆ ಸಿಟ್ಟು ಬರುವುದಿಲ್ಲ ಹೇಳ್ರಿ?

"ಇಂದ ಮುಂಜಾನೆ ಊರಿಗೆ ಬಂದಾಕಿ ನನಗ ಪಾಳಿ ಹೇಳ್ತಿಯೇನ?" ಎಂದು ರಹಿಮಾಬಿ ಒಬ್ಬಳ ಕೊಡ ಕಸಿದು ಎಸೆದಳು.

ಕೊಡ ಉರುಳುತ್ತ ಬಂದು ರೇವವ್ವನ ಹೆಬ್ಬೆರಳಿಗೆ ಬಡಿಯಿತು. ಮುದುಕಿ "ಅಯ್ಯಯ್ಯೋ ಯವ್ವಾ!" ಎಂದು ಅಲ್ಲೇ ಕೂತಳು. ಉಗುರು ಕಿತ್ತು ರಕ್ತ ಬಂತು.

"ಮುಂಜಾನೆ ಬಂದಾಕಿ ಅಂದ್ರ?" ಚಂದಪ್ಪ ಕೇಳಿದ.

"ಹೊಸಾ ಸೊಸಿರಿ!" ಮಾಳಿಂಗರಾಯ ಅವಸರದಿಂದ ಹೇಳಿದ. "ನಮ್ಮೂರಿಗೆ ಸೊಸ್ಯಾರು ಸಾಲು ಹಚ್ಚಿ ಬರಾಕತ್ತಾರ. ದಿನಕ್ಕೊಬ್ಬಾಕಿ."

ಊಟದ ಹೊತ್ತಿಗೆ ಇನ್ನೊಂದು ಪಜೀತಿ. ಒಲೆ ಹಚ್ಚದೆ ಬಂದವರು ಬೆಳಗಿನಿಂದ ಹಸಿದಿದ್ದರು. ಬೀಗರಿಗೆ ಕೈ ತೊಳೆಯಲು ನೀರು ಕೊಡುವಷ್ಟರಲ್ಲಿ ಮೊದಲ ಪಂಕ್ತಿ ತುಂಬಿ ಹೋಗಿತ್ತು. ಇಷ್ಟು ದಿನ ಬಿಕೋ ಅನ್ನುತ್ತಿದ್ದ ಅಂಗಳದಲ್ಲಿ ಕೂರಲು ಜಾಗವಿಲ್ಲದೆ ಬೀಗರು ಎಮ್ಮೆ ಕಟ್ಟುವ ಗೂಟದ ಪಕ್ಕ ನಿಂತರು. ಎರಡನೇ ಪಂಕ್ತಿಯಲ್ಲಿ ಬೀಗರಿಗೆ ಬಡಿಸಲು ಗುಂಡವ್ವ ಸೌಟು ಹಾಕಿದರೆ ಹಂಡೆಯ ತಳ ಕರಕರ ಅಂದಿತು. ಹುಗ್ಗಿ ತೀರಿತ್ತು. ಬೀಗರು ಅನ್ನ ಸಾರು ಉಂಡರು. ಹಿಂಥಾ ಅಪಮಾನ ಎಲ್ಲಿಯಾದರೂ ಉಂಟೇ? ಗುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಎಲೆಅಡಿಕೆ ಹಾಕಿಕೊಳ್ಳುವಾಗ ಚಂದಪ್ಪ ಮೆಲ್ಲಗೆ ಕೇಳಿದ. "ದಿನಾ ಹಿಂಗ ಇರ್ತೈತೇನ್ರಿ ನಿಮ್ಮೂರಾಗ? ಇಷ್ಟ ಗದ್ಲ?"

"ಇವತ್ತ ಕಡಿಮಿರಿ!" ಮಾಳಿಂಗರಾಯ ತೊಡೆ ತಟ್ಟಿದ. "ಕಬ್ಬಿಗೆ ಹೋದಾವ್ರು ಬಂದ್ರ ಕಾಲಿಡಾಕ ಜಾಗ ಇರಾಂಗಿಲ್ಲ. ಇನ್ನ ಮ್ಯಾಲೆ ಯಾರರ ನಮ್ಮೂರಾಗ ಮಂದಿ ಇಲ್ಲ ಅಂದ್ರ ಅವರ ಬಾಯಾಗ ಮಣ್ಣು ಹಾಕ್ರಿ."

"ಹೌದ್ರಿ, ಹಾಕ್ತೇವಿ," ಅಂದ ಚಂದಪ್ಪ, ಬಾಡಿದ ಮೋರೆಯಿಂದ.

ಹೊರಡುವಾಗ ರೇವವ್ವ ಕುಂಟುತ್ತ ಬಂದು ಮಾಳಿಂಗರಾಯನ ಗದ್ದ ಹಿಡಿದಳು. "ನೀ ಮಾತ್ರ ಬಂಗಾರದಂಥಾ ಹುಡುಗ ಅದಿಯೋ ತಮ್ಮಾ."

ಮಾಳಿಂಗರಾಯನ ಎದೆ ಉಬ್ಬಿತು. ಆದರೆ ಹೊರ್ತಿ ದಾರಿಯಲ್ಲಿ ಎರಡೂ ಟ್ರ್ಯಾಕ್ಟರ್ ಒಂದಕ್ಕೊಂದು ಸಿಕ್ಕಿಕೊಂಡು ಅಡ್ಡ ನಿಂತಿದ್ದವು, ಒಂದರ ಗಾಲಿ ಗಟಾರಕ್ಕೆ ಇಳಿದಿತ್ತು. ಕ್ರೂಸರ್ ಹೋಗಲು ದಾರಿ ಇಲ್ಲ. ಮಾಳಿಂಗರಾಯನೇ ಮುಂದೆ ನಿಂತು ಹಿಂದಿನ ದಾರಿ ತೋರಿಸಿದ. "ಹಿಂಗ ಹೋಗ್ರಿ, ಹುಣಸಿವಾಡಿ ಹಾದು ಡಾಂಬರ ರಸ್ತಾ ಹತ್ತೈತಿ."

ಕ್ರೂಸರಿನ ಧೂಳು ಮರೆಯಾದ ಮೇಲೆ ಅವನು ಕಟ್ಟೆಗೆ ಬಂದು ಒರಗಿದ. "ಹ್ಯಾಂಗೈತಿ ಕಾಕಾ?" ಧರೆಪ್ಪ ಅವನ ಬೆನ್ನು ಚಪ್ಪರಿಸಿದ. "ಮುಗೀತು ತಗೋ. ಅಕ್ಷತಾ ಯಾವಾಗ ಅಂತ ಕೇಳೂದಷ್ಟ ಬಾಕಿ."

ಐದು ಗಂಟೆಗೆ ಫೋನು ಬಂತು. ಹಚ್ಚಿದವನು ಕಾಂತು.

"ಮಾಳ್ಯಾ, ಸಿಟ್ಟಾಗಬ್ಯಾಡಲೇ."

ಬೆಳಗಿನಿಂದ ಈ ಮಾತು ಎರಡನೇ ಸಲ. ಮಾಳಿಂಗರಾಯ ಎದ್ದು ಕೂತ. "ಏನಾತು?"

"ನಿಮ್ಮ ಬೀಗರು ನಮ್ಮೂರಾಗ ಗಾಡಿ ನಿಲ್ಸಿದ್ರು. ಮುದುಕಿ ಕಾಲಿಗೆ ಹತ್ತಿತ್ತು, ನೀರು ಕೇಳಿದ್ಲು. ನಮ್ಮ ನಳ ಜುಳುಜುಳು ಹರಿಯಾಕತ್ತಿತ್ತು, ಒಂದ ಕೊಡ ಸೈತ ಇಲ್ಲ ನೋಡು. ನಾ ಕಾಲಿಗೆ ನೀರು ಹಾಕಿ, ಅರಿವಿ ಕಟ್ಟಿ, ಚಹಾ ಮಾಡಿ ಕೊಟ್ಟೆ. ಮುದುಕಿ ಕಟ್ಟಿ ಮ್ಯಾಲೆ ಕುಂತು ಅಳಾಕ ಹತ್ತಿದ್ಲೋ."

"ಯಾಕ?"

"ಅವರ ಹಳೇ ಊರು ಹಿನ್ನೀರಾಗ ಮುಳುಗೇತಂತ. ಮೂರು ಊರಿನ ಮಂದೀನ ಒಂದ ಕಡೆ ತಂದು ತುರುಕ್ಯಾರ. ಗ್ವಾಡಿಗೆ ಗ್ವಾಡಿ ಹತ್ತಿದ ಮನಿ, ನಳಕ್ಕ ನೂರಾಐವತ್ತು ಕೊಡ. ಹ್ವಾದ ವರ್ಷ ನಳದ ಜಗಳದಾಗ ಭಾಗ್ಯಾನ ತಲಿಗೆ ಕೊಡ ಬಡದು ನಾಕು ಹೊಲಿಗಿ ಬಿದ್ದಾವಂತ. ಅದಕ್ಕ ಆ ಹುಡುಗಿ, ನನಗ ಬಂಗಾರ ಬ್ಯಾಡ, ಮಾಡಿ ಮನಿ ಬ್ಯಾಡ, ಮಂದಿ ಕಡಿಮಿ ಇದ್ದ ಊರಿಗೆ ಕೊಡ್ರಿ ಅಂತ ಹಟಾ ಹಿಡದಾಳ. ಅದನ್ನ ಕೇಳೇ ಸೋಮನಿಂಗ ನಿಮ್ಮೂರು ಹೇಳ್ಯಾನ."

ಮಾಳಿಂಗರಾಯ ಹಣೆ ಬಡಿದುಕೊಂಡ. "ಆ ಸೋಮನಿಂಗ ನನಗ್ಯಾಕ ಹೇಳ್ಲಿಲ್ಲೋ?"

"ಹೇಳಾಕ ಮೂರು ಸಲ ಫೋನ ಹಚ್ಚಿದ್ನಂತ."

ಆಮೇಲೆ ಕಾಂತು ಗಂಟಲು ಸರಿ ಮಾಡಿಕೊಂಡ. "ಚಂದಪ್ಪ ಅವರು ಊರೆಲ್ಲಾ ಒಂದು ಸುತ್ತು ಹಾಕಿ ಬಂದ್ರು. ಒಂದ ಮನ್ಯಾಗೂ ಹೊಗಿ ಇಲ್ಲ, ಒಂದು ಪಿಳ್ಳಿ ಸದ್ದಿಲ್ಲ, ಹಿಂಥಾ ಊರು ಎಲ್ಲಿತ್ತು ಅಂದ್ರು. ನನ್ನ ಬೆಡಗು ಕೇಳಿದ್ರು. ಲಗ್ನ ಆಗೇತೇನು ಅಂತ ಕೇಳಿದ್ರು. ಫೋನಿನ್ಯಾಗ ಭಾಗ್ಯಾಗ ನಳಾ ತೋರ್ಸಿದ್ರು, ಆಮ್ಯಾಲೆ ನನ್ನ ತೋರ್ಸಿದ್ರು. ಹುಡುಗಿ ಹೂಂ ಅಂದಾಳ."

"ಲೇ ಭಾಡ್ಯಾ!" ಮಾಳಿಂಗರಾಯ ಚೀರಿದ. "ನಿಮ್ಮೂರಿನ ಮಂದಿ ಎಲ್ಲಾ ಇಲ್ಲೆ ನಮ್ಮ ಅಂಗಳದಾಗ ಕುಂತಾರ ಅಂತ ಬೊಗಳಾಕ ಏನಾಗಿತ್ತು?"

"ಹ್ಯಾಂಗ ಹೇಳ್ಲಿ? ಭಂಡಾರ ಮುಟ್ಟಿಸಿದಾಂವ ನೀನ."

ಕಾಂತು ಮುಂದುವರಿಸಿದ. "ಇನ್ನೊಂದು ಮಾತೈತಿ. ನಾಳಿ ಆ ಹುಡುಗಿ ತಾನ ಬಂದು ಊರು ನೋಡ್ತಾಳಂತ. ಅದಕ್ಕ ನಮ್ಮ ಮಂದೀನ ನಾಳಿ ಸಂಜೀತನಕ ಅಲ್ಲೇ ಇಟ್ಕೋ. ನೀನೂ ಆಣಿ ಮಾಡೀಯಲ್ಲ, ಹಿಂಥಾ ಹೊತ್ತು ಬಂದ್ರ ನಾ ನಿಂತೇನಿ ಅಂತ."

ಫೋನು ಕಟ್ಟಾಯಿತು. ಮಾಳಿಂಗರಾಯ ಕಟ್ಟೆಯ ಮೇಲೆ ಕೂತೇ ಇದ್ದ. ಪಕ್ಕದಲ್ಲಿ ಕಿವಿಗೊಟ್ಟು ಎಲ್ಲಾ ಕೇಳಿಸಿಕೊಂಡಿದ್ದ ಧರೆಪ್ಪ ನಿಟ್ಟುಸಿರು ಬಿಟ್ಟ.

"ಹಾಳೂರಿಗೆ ಉಳಿದಾವನ ಗೌಡ ಅನ್ನೂದು ಸುಳ್ಳಲ್ಲ ನೋಡು. ನೀ ಗೌಡ ಆಗಿದ್ದಿ. ಹ್ವಾದಾಂವ ಹೋಗಿ ಇನ್ನೊಂದು ಊರು ಹಾಳು ಮಾಡಿ, ಕಾಂತ್ಯಾನ್ನ ಗೌಡನ್ನ ಮಾಡಿ ಬಂದಿ."

"ಕಾಕಾ, ಇದು ನೀ ಹೇಳಿದ ಉಪಾಯ!"

"ನಾ ಕೈಗಡ ತಾ ಅಂದೆ. ಆಣಿ ಮಾಡು ಅಂದ್ನೇನು?" ಎಂದು ಧರೆಪ್ಪ ಟಾವೆಲ್ ಝಾಡಿಸಿ ಎದ್ದು ತನ್ನ ಮನೆಗೆ ಹೋದ.

ಅಂಗಳದ ತುಂಬ ಮಂದಿ. ಮಕ್ಕಳು ಎಮ್ಮೆಯ ಬಾಲ ಹಿಡಿದು ಎಳೆಯುತ್ತಿದ್ದವು. ಮುದುಕರು ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಎಷ್ಟೋ ವರ್ಷದ ಮೇಲೆ ಬೇವಿನಾಳ ತುಂಬಿದ ಊರಾಗಿತ್ತು. ಗುಂಡವ್ವ ಖಾಲಿ ಹಂಡೆಯ ಮುಂದೆ ತಲೆಗೆ ಕೈ ಹೊತ್ತು ಕೂತಿದ್ದಳು. ಅಷ್ಟರಲ್ಲಿ ಓಡಿ ಓಡಿ ಮತ್ತೆ ಹಸಿದಿದ್ದ ಜಯಮಾಲಾ ಮಾಳಿಂಗರಾಯನ ಹತ್ತಿರ ಬಂದು ನಿಂತಳು.

"ಅಣ್ಣಾ, ನಾಳಿ ಸಂಜೀತನಕ ಇಲ್ಲೇ ಇರ್ರಿ ಅಂತ ಕಾಂತು ಎಲ್ಲಾರಿಗೂ ಫೋನ ಮಾಡ್ಯಾನ. ಹಂಗಾದ್ರ ರಾತ್ರಿಗೂ ನಾವು ಒಲಿ ಹಚ್ಚೂದು ಬ್ಯಾಡ, ಹೌದಲ್ರಿ?"